ಟ್ರಸ್ಟಿನಲ್ಲಿ ಸಹಿ ಹಾಕುವವರಿದ್ದಾರೆ, ಪ್ರಶ್ನೆ ಕೇಳುವವರು ಯಾರು?

ಪ್ರಶ್ನೆ: ಗಂಗಾವತಿ ತಾಲ್ಲೂಕಿನಲ್ಲಿ ನಮ್ಮದೊಂದು ಚಾರಿಟಬಲ್ ಟ್ರಸ್ಟ್ ಇದೆ. ಮಾನಸಿಕ ಆರೋಗ್ಯದ ಕೆಲಸ ಮಾಡುತ್ತೇವೆ. ಹಗಲು ಡೇ ಕೇರ್, ಹಳ್ಳಿಗಳಲ್ಲಿ ಕ್ಯಾಂಪ್, ಫೋನಿನಲ್ಲಿ ಕೌನ್ಸೆಲಿಂಗ್. ಶುರು ಮಾಡಿದವರು ನಿವೃತ್ತ ಮೇಷ್ಟ್ರು, ಅವರಿಗೀಗ ಎಪ್ಪತ್ತು ದಾಟಿದೆ. ಟ್ರಸ್ಟಿಗಳು ಐದು ಜನ: ಮೇಷ್ಟ್ರು, ಅವರ ಮನೆಯವರು, ಅಳಿಯ, ಒಬ್ಬರು ರೈಸ್ ಮಿಲ್ ಸಾಹುಕಾರ್ರು, ಒಬ್ಬರು ವಕೀಲರು. ಈ ಯುಗಾದಿಯಿಂದ ನನ್ನನ್ನು ಕಾರ್ಯದರ್ಶಿ ಮಾಡಿದ್ದಾರೆ. ಒಂದು ಸ್ಟೀಲ್ ಕಂಪನಿಯವರು ಸಿಎಸ್‌ಆರ್ ಹಣ (ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ಕೊಡುವ ಹಣ) ಕೊಡುತ್ತೇವೆ, ಆದರೆ ಮೊದಲು ನಿಮ್ಮ ಬೋರ್ಡ್ ಸರಿ ಮಾಡಿಕೊಳ್ಳಿ ಅಂದಿದ್ದಾರೆ. ಮೇಷ್ಟ್ರಿಗೆ ಇಳಿಯಿರಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಬೋರ್ಡಿನಲ್ಲಿ ಯಾರಿರಬೇಕು? ಡಾಕ್ಟರ್ ಬೇಕೇ ಬೇಕಾ? ನಾನು ಸಂಬಳ ತಗೋಬಹುದಾ? ಅಂದ ಹಾಗೆ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರು, ಮನೆಯವರು ಬಿಟ್ಟುಹೋದವರು ಅಂತ ಆರು ಜನ ಈಗ ರಾತ್ರಿಯೂ ನಮ್ಮಲ್ಲೇ ಇರುತ್ತಾರೆ.

ಉತ್ತರ: ಮೇಡಂ, ನಿಮ್ಮ ಪತ್ರದ ಕೊನೇ ಸಾಲಿನಿಂದಲೇ ಶುರು ಮಾಡುತ್ತೇನೆ. "ಅಂದ ಹಾಗೆ" ಅಂತ ಬರೆದಿದ್ದೀರಲ್ಲ, ಎಲ್ಲಕ್ಕಿಂತ ದೊಡ್ಡ ವಿಷಯ ಅದೇ. ಮೇಷ್ಟ್ರು, ಬೋರ್ಡ್, ಸಿಎಸ್‌ಆರ್ ಎಲ್ಲ ಒಂದು ತಿಂಗಳು ಕಾಯಬಹುದು. ಆರು ಜನ ರಾತ್ರಿ ಮಲಗುವ ವಿಷಯ ಕಾಯುವುದಿಲ್ಲ.

ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವ ಡೇ ಕೇರ್ ಬೇರೆ, ಉಳಿಸಿಕೊಳ್ಳುವುದು ಬೇರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಕಾಯಿಲೆ ಇರುವವರನ್ನು ಸೇರಿಸಿಕೊಂಡು ಇಟ್ಟುಕೊಳ್ಳುವ ಜಾಗ ಸರ್ಕಾರದ್ದಾಗಲಿ, ಟ್ರಸ್ಟಿನದಾಗಲಿ, ಮಠದ್ದಾಗಲಿ, ಅದರ ಲೆಕ್ಕದಲ್ಲಿ ಅದು ಮಾನಸಿಕ ಆರೋಗ್ಯ ಸಂಸ್ಥೆ. ರೋಗಿ ತನ್ನವರ ಜೊತೆ ಇರುವ ಮನೆಗೆ ಮಾತ್ರ ಇದರಿಂದ ವಿನಾಯಿತಿ. ಇಂಥ ಸಂಸ್ಥೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಲೇಬೇಕು. ಆಗದೆ ನಡೆಸಿದರೆ ಮೊದಲ ಸಲ 5,000ದಿಂದ 50,000 ರೂಪಾಯಿವರೆಗೆ ದಂಡ, ಎರಡನೇ ಸಲ 2 ಲಕ್ಷದವರೆಗೆ, ಆಮೇಲೂ ನಡೆಸುತ್ತಿದ್ದರೆ 5 ಲಕ್ಷದವರೆಗೆ. "ನಾವು ಸೇವೆ ಮಾಡ್ತಿದ್ದೀವಿ, ದುಡ್ಡು ತಗೊಳ್ಳಲ್ಲ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ದಂಡಕ್ಕಿಂತ ನನಗೆ ಜಾಸ್ತಿ ಭಯ ಇರುವುದು ಬೇರೆ ಕಡೆ. ರಾತ್ರಿ ಆ ಕೋಣೆಗೆ ಹೊರಗಿನಿಂದ ಚಿಲಕ ಹಾಕುತ್ತಾರಾ? ಕೀಲಿ ಯಾರ ಹತ್ತಿರ ಇರುತ್ತದೆ? ಆ ಕೀಲಿ ಇಟ್ಟುಕೊಂಡವರು ಎಲ್ಲಿ ಮಲಗುತ್ತಾರೆ? 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಇಂಥದ್ದೇ ಒಂದು ಖಾಸಗಿ ಆಶ್ರಯದಲ್ಲಿ ಬೆಂಕಿ ಬಿದ್ದು 28 ಜನ ಸತ್ತರು. ಸರಪಳಿ ಹಾಕಿದ್ದರಿಂದ ಅವರಿಗೆ ಓಡಲು ಆಗಲಿಲ್ಲ. ಈಗಿನ ಕಾಯ್ದೆಯಲ್ಲಿ ಸರಪಳಿ ಹಾಕುವುದಕ್ಕೆ ಪೂರ್ತಿ ನಿಷೇಧ ಇದೆ, ಯಾವ ಕಾರಣಕ್ಕೂ ಇಲ್ಲ. ನಿಮ್ಮಲ್ಲಿ ಸರಪಳಿ ಇರಲಿಕ್ಕಿಲ್ಲ ಅಂತ ನಂಬುತ್ತೇನೆ. ಆದರೆ ಹೊರಗಿನ ಚಿಲಕ ಇದ್ದರೆ ಇವತ್ತೇ ಬಡಗಿಯನ್ನು ಕರೆಸಿ ಬಿಚ್ಚಿಸಿ. ಅದಕ್ಕೆ ಬೋರ್ಡ್ ಮೀಟಿಂಗ್ ಬೇಡ.

ಆಮೇಲೆ ಎರಡೇ ದಾರಿ. ನಡೆಸುವುದೇ ಆದರೆ ಪ್ರಾಧಿಕಾರಕ್ಕೆ ಅರ್ಜಿ ಹಾಕಿ. ಮೊದಲು ತಾತ್ಕಾಲಿಕ ನೋಂದಣಿ ಸಿಗುತ್ತದೆ, ಅದು 12 ತಿಂಗಳು ಚಾಲ್ತಿ. ಆಮೇಲೆ ಜಾಗ, ಸಿಬ್ಬಂದಿ, ದಾಖಲೆ ಎಲ್ಲವನ್ನೂ ಕಾಯ್ದೆಯ ಮಟ್ಟಕ್ಕೆ ತರಬೇಕು, ಸೈಕಿಯಾಟ್ರಿಸ್ಟ್ ಸಂಪರ್ಕ ಇರಬೇಕು, ಹೆಂಗಸರಿದ್ದರೆ ರಾತ್ರಿ ಪಾಳಿಗೆ ಹೆಂಗಸೇ ಇರಬೇಕು. ಖರ್ಚು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ. ನಡೆಸಲು ಆಗದಿದ್ದರೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ತಂಡದವರನ್ನು ಕರೆಸಿ, ಆರು ಜನರನ್ನೂ ಒಬ್ಬೊಬ್ಬರನ್ನಾಗಿ ನೋಡಿಸಿ, ಯಾರು ಆಸ್ಪತ್ರೆಗೆ, ಯಾರು ಮನೆಗೆ, ಯಾರು ನೋಂದಣಿ ಆದ ಬೇರೆ ಕೇಂದ್ರಕ್ಕೆ ಅನ್ನುವುದನ್ನು ಅವರ ಜೊತೆ ಕೂತು ತೀರ್ಮಾನಿಸಿ. ಅದರಲ್ಲಿ ಆ ಆರು ಜನರ ಮಾತೂ ಸೇರಬೇಕು. ಸುಮ್ನೆ ಬಸ್ ಹತ್ತಿಸಿ ಕಳಿಸಬೇಡಿ.

ಇನ್ನು ಮುಂದೆ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಸಿಕ್ಕರೆ ನೇರವಾಗಿ ನಿಮ್ಮ ಕಟ್ಟಡಕ್ಕೆ ಕರೆತರುವುದು ಬೇಡ. ಹಾಗೆ ಅಲೆಯುವವರನ್ನು ರಕ್ಷಿಸುವುದು ಠಾಣಾಧಿಕಾರಿಯ ಕೆಲಸ ಅಂತ ಕಾಯ್ದೆಯೇ ಹೇಳುತ್ತದೆ, 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತೋರಿಸಬೇಕು. ನಿಮ್ಮವರು ಜೊತೆಗೆ ಹೋಗಲಿ, ಊಟ ಕೊಡಲಿ, ಮನೆಯವರನ್ನು ಹುಡುಕಲಿ. ಆದರೆ ಪೊಲೀಸ್ ದಾಖಲೆ, ಆಸ್ಪತ್ರೆ ಚೀಟಿ ಇಲ್ಲದೆ ಒಬ್ಬ ಮನುಷ್ಯನನ್ನು ಇಟ್ಟುಕೊಂಡರೆ ನಾಳೆ ಅವರಿಗೇನಾದರೂ ಆದಾಗ ಯಾರು ಕರೆತಂದರು, ಯಾವಾಗ, ಯಾಕೆ ಅನ್ನುವುದಕ್ಕೆ ನಿಮ್ಮ ಹತ್ತಿರ ಒಂದು ಹಾಳೆಯೂ ಇರುವುದಿಲ್ಲ.

ಈಗ ಬೋರ್ಡಿನ ವಿಷಯ. ಈ ಆರು ಜನರನ್ನು ಇಟ್ಟುಕೊಳ್ಳುವ ತೀರ್ಮಾನ ಯಾವ ಮೀಟಿಂಗಿನಲ್ಲಿ ಆಯಿತು? ಯಾವ ಮೀಟಿಂಗಿನಲ್ಲೂ ಆಗಿರಲಿಕ್ಕಿಲ್ಲ. ಮೊದಲನೆಯವರು ಬಂದರು, ಮೇಷ್ಟ್ರಿಗೆ ಕರುಳು ಚುರುಕ್ ಅಂದಿತು, ಇರಲಿ ಪಾಪ ಅಂದರು. ಎರಡನೆಯವರು ಬಂದರು. ಕೆಟ್ಟ ಉದ್ದೇಶ ಒಂದಿಷ್ಟೂ ಇಲ್ಲ. ಆದರೆ ಐದು ಟ್ರಸ್ಟಿಗಳಲ್ಲಿ ಒಬ್ಬರೂ "ಸರ್, ಇದಕ್ಕೆ ನಮಗೆ ಪರವಾನಗಿ ಇದೆಯಾ?" ಅಂತ ಕೇಳಲಿಲ್ಲ. ಮೂವರು ಒಂದೇ ಮನೆಯವರು, ಕೇಳುವುದಾದರೂ ಹೇಗೆ? ಸಾಹುಕಾರ್ರು ಮೇಷ್ಟ್ರ ಹಳೇ ವಿದ್ಯಾರ್ಥಿ ಇದ್ದರೂ ಇರಬಹುದು, ನಮ್ಮ ಕಡೆ ಸಾಮಾನ್ಯವಾಗಿ ಹಾಗೇ.

ಬೇರೆ ಸಂಸ್ಥೆಗಳಿಗಿಂತ ಮಾನಸಿಕ ಆರೋಗ್ಯದ ಸಂಸ್ಥೆಗೆ ಕೇಳುವ ಬೋರ್ಡ್ ಯಾಕೆ ಹೆಚ್ಚು ಬೇಕು ಅಂದರೆ, ಇಲ್ಲಿಗೆ ಬರುವವರ ದೂರನ್ನು ಯಾರೂ ದೂರು ಅಂತ ತಗೊಳ್ಳುವುದಿಲ್ಲ. ಸೊಸೈಟಿ ಬ್ಯಾಂಕಿನಲ್ಲಿ ಗೋಲ್‌ಮಾಲ್ ಆದರೆ ಸದಸ್ಯರು ಗಲಾಟೆ ಮಾಡುತ್ತಾರೆ. ಶಾಲೆಯಲ್ಲಿ ಬಿಸಿಯೂಟ ಕೆಟ್ಟರೆ ಅಪ್ಪ ಅಮ್ಮ ಗೇಟಿಗೆ ಬರುತ್ತಾರೆ. ಇಲ್ಲಿ ಒಬ್ಬ ಹೆಣ್ಣುಮಗಳು "ನನಗೆ ಹೊಡೆದರು" ಅಂದರೆ, "ಅವಳಿಗೆ ಹುಷಾರಿಲ್ಲ, ಏನೋ ಹೇಳ್ತಾಳೆ" ಅನ್ನುತ್ತಾರೆ. ಮನೆಯವರು ಕೂಡ ಸುಮ್ಮನಿರುತ್ತಾರೆ, ಯಾಕೆಂದರೆ ಮಾತಾಡಿದರೆ ಮನೆಗೆ ಕರಕೊಂಡು ಹೋಗಿ ಅನ್ನುತ್ತಾರೆ ಅನ್ನುವ ಹೆದರಿಕೆ. ಹಾಗಾಗಿ ದೂರು ಬರಲಿ ಅಂತ ಬೋರ್ಡ್ ಕಾಯುವ ಹಾಗಿಲ್ಲ, ತಾನೇ ಹೋಗಿ ಕೇಳಬೇಕು. ಪ್ರತಿ ತಿಂಗಳು ಒಬ್ಬ ಟ್ರಸ್ಟಿ, ಮೇಷ್ಟ್ರ ಮನೆಯವರಲ್ಲದ ಟ್ರಸ್ಟಿ, ಹೇಳದೆ ಕೇಳದೆ ಸಂಜೆ ಏಳಕ್ಕೋ ಎಂಟಕ್ಕೋ ಹೋಗಲಿ. ಅಡುಗೆಮನೆ, ಬಚ್ಚಲು, ಮಾತ್ರೆ ಡಬ್ಬಿ ನೋಡಲಿ. ಸಿಬ್ಬಂದಿ ಇಲ್ಲದಾಗ ಇಬ್ಬರು ಮೂವರ ಜೊತೆ ಕೂತು ಮಾತಾಡಲಿ. ನೋಡಿದ್ದನ್ನು ಅರ್ಧ ಪುಟ ಬರೆದು ಮುಂದಿನ ಮೀಟಿಂಗಿನಲ್ಲಿ ಓದಲಿ. ಕಂಪನಿಯವರು ಕೇಳುವ ಹತ್ತು ಪಾಲಿಸಿಗಳಿಗಿಂತ ಈ ಅರ್ಧ ಪುಟಕ್ಕೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ನಿಮ್ಮ ನಡಾವಳಿ ಪುಸ್ತಕ ತೆಗೆದು ನೋಡಿ. ನಮ್ಮ ಕಡೆಯ ಸಂಸ್ಥೆಗಳಲ್ಲಿ ನಾನು ಮತ್ತೆ ಮತ್ತೆ ನೋಡುವ ಚಿತ್ರ ಇದು: ಎಲ್ಲ ಪುಟದಲ್ಲೂ ಒಂದೇ ಕೈಬರಹ, ಒಂದೇ ಪೆನ್ನು, "ಸರ್ವಾನುಮತದಿಂದ ತೀರ್ಮಾನಿಸಲಾಯಿತು" ಅನ್ನುವ ಒಂದೇ ಸಾಲು. ಆಫೀಸ್ ಹುಡುಗ ಬೈಕಿನಲ್ಲಿ ಪುಸ್ತಕ ಇಟ್ಟುಕೊಂಡು ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬಂದಿರುತ್ತಾನೆ. ಬೀರುವಿನಲ್ಲಿ ಎರಡನೇ ಸಹಿ ಮೊದಲೇ ಮಾಡಿಟ್ಟ ಖಾಲಿ ಚೆಕ್ಕುಗಳು. ನಿಮ್ಮಲ್ಲೂ ಹೀಗೇ ಇದ್ದರೆ ಹಳೇದನ್ನು ತಿದ್ದಲು ಹೋಗಬೇಡಿ, ಹಿಂದಿನ ತಾರೀಖು ಹಾಕಿ ಹೊಸದಾಗಿ ಬರೆಯಲೇ ಬೇಡಿ. ಖಾಲಿ ಚೆಕ್ಕುಗಳನ್ನು ರದ್ದು ಮಾಡಿ. ಮುಂದಿನ ಮೀಟಿಂಗಿನಿಂದ ನಿಜವಾಗಿ ಸೇರಿ, ಯಾರು ಏನು ಕೇಳಿದರು ಅನ್ನುವುದನ್ನೂ ಬರೆಯಿರಿ. ಯಾರಾದರೂ ಒಪ್ಪದಿದ್ದರೆ ಅದನ್ನೂ ಬರೆಯಿರಿ. ಭಿನ್ನಾಭಿಪ್ರಾಯ ಇರುವ ನಡಾವಳಿ ನೋಡಿದರೆ ನನಗೆ ಖುಷಿ ಆಗುತ್ತದೆ, ಮೀಟಿಂಗ್ ನಿಜವಾಗಿ ನಡೆದಿದೆ ಅಂತ ಗೊತ್ತಾಗುತ್ತದೆ.

ಮೇಷ್ಟ್ರ ವಿಷಯಕ್ಕೆ ಬರೋಣ. ಮೊದಲು ಟ್ರಸ್ಟ್ ಡೀಡ್, ಅಂದರೆ ಟ್ರಸ್ಟ್ ಶುರು ಮಾಡುವಾಗ ಬರೆಸಿದ ಪತ್ರ, ಓದಿ, ಪೂರ್ತಿ ಓದಿ. ನಿಮ್ಮದು ಸಂಘ ಅಲ್ಲ, ಟ್ರಸ್ಟ್. ಸಂಘ ಆಗಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಕಡಿಮೆ ಅಂದರೂ ಏಳು ಸದಸ್ಯರು, ವರ್ಷಕ್ಕೊಂದು ಸರ್ವಸದಸ್ಯರ ಸಭೆ, ನೋಂದಣಾಧಿಕಾರಿಗೆ ಲೆಕ್ಕ, ಇದೆಲ್ಲ ಇರುತ್ತಿತ್ತು. ಟ್ರಸ್ಟಿನಲ್ಲಿ ಮತ ಹಾಕಲು ಸದಸ್ಯರೇ ಇಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಆದ ಆ ಡೀಡ್ ಏನು ಹೇಳುತ್ತದೋ ಅದೇ. ಬಹಳಷ್ಟು ಡೀಡುಗಳಲ್ಲಿ ಸ್ಥಾಪಕರೇ ಜೀವನಪರ್ಯಂತ ಮ್ಯಾನೇಜಿಂಗ್ ಟ್ರಸ್ಟಿ ಅಂತ ಇರುತ್ತದೆ, ಅವರ ನಂತರ ಅವರ ವಾರಸುದಾರರು ಅಂತಲೂ ಇರುತ್ತದೆ. ಹಾಗಿದ್ದರೆ ಅವರನ್ನು ಇಳಿಸಲು ಯಾರಿಗೂ ಅಧಿಕಾರ ಇಲ್ಲ. ಕೋರ್ಟಿಗೆ ಹೋಗಬಹುದು, ಸಾರ್ವಜನಿಕ ಟ್ರಸ್ಟುಗಳಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ ಇದೆ, ಆದರೆ ಕೇಸ್ ಮುಗಿಯುವಷ್ಟರಲ್ಲಿ ಟ್ರಸ್ಟೇ ಮುಗಿದಿರುತ್ತದೆ. ಆ ದಾರಿ ಬೇಡ.

ನನ್ನ ಪ್ರಕಾರ ಮೇಷ್ಟ್ರು ಇಳಿಯುವ ಅಗತ್ಯವೇ ಇಲ್ಲ. ಅವರ ಹೆಸರಿನ ಮೇಲೆ ಜನ ನಂಬಿ ಬರುತ್ತಾರೆ, ಅದನ್ನು ಯಾಕೆ ಕಳಕೊಳ್ಳುತ್ತೀರಿ? ಅವರೊಬ್ಬರೇ ಹೊತ್ತಿರುವ ಮೂರು ಕೆಲಸಗಳನ್ನು ಬೇರೆ ಬೇರೆ ಮಾಡಿದರೆ ಸಾಕು. ದಿನದ ಕೆಲಸ ನಡೆಸುವವರು ಒಬ್ಬರು, ಮೀಟಿಂಗಿನ ಅಧ್ಯಕ್ಷತೆ ವಹಿಸುವವರು ಇನ್ನೊಬ್ಬರು, ಹಣಕ್ಕೆ ಸಹಿ ಹಾಕುವವರು ಮನೆಗೆ ಸಂಬಂಧ ಇಲ್ಲದ ಇಬ್ಬರು. ಡೀಡಿನಲ್ಲಿ ಹೆಚ್ಚುವರಿ ಟ್ರಸ್ಟಿಗಳನ್ನು ಸೇರಿಸಿಕೊಳ್ಳುವ ಅವಕಾಶ ಇದ್ದೇ ಇರುತ್ತದೆ ಅನ್ನಿಸುತ್ತದೆ, ನೋಡಿ. ತಿದ್ದುಪಡಿ ಮಾಡುವ ಅಧಿಕಾರ ಡೀಡಿನಲ್ಲೇ ಇದ್ದರೆ ಪೂರಕ ಡೀಡ್ ಮಾಡಿಸಿ, ಹೊಸಬರಿಗೆ ಮೂರು ವರ್ಷದ ಅವಧಿ, ಹೆಚ್ಚೆಂದರೆ ಎರಡು ಸಲ ಅಂತ ಬರೆಸಿ.

ಅವರ ಹತ್ತಿರ ಮಾತಾಡುವುದು ಹೇಗೆ ಅಂತ ನಿಮಗೆ ಚಿಂತೆ. ಕಂಪನಿಯವರು ಹೇಳಿದರು ಅಂತ ಶುರು ಮಾಡಬೇಡಿ, ದುಡ್ಡಿಗಾಗಿ ನನ್ನನ್ನು ಬದಿಗೆ ಸರಿಸುತ್ತಿದ್ದಾರೆ ಅಂತ ಅನ್ನಿಸಿಬಿಡುತ್ತದೆ. ಮನೆಗೆ ಹೋಗಿ, ಒಬ್ಬರೇ ಹೋಗಿ. "ಸರ್, ನಾಳೆ ನಿಮಗೆ ಹುಷಾರು ತಪ್ಪಿ ಹುಬ್ಬಳ್ಳಿ ಆಸ್ಪತ್ರೆಯಲ್ಲಿ ಹದಿನೈದು ದಿನ ಇರಬೇಕಾಗಿ ಬಂದರೆ ಸಿಬ್ಬಂದಿ ಸಂಬಳ ಯಾರು ಮಾಡಬೇಕು? ಮಾತ್ರೆ ಯಾರು ತರಿಸಬೇಕು?" ಅಂತ ಕೇಳಿ. ಮೇಷ್ಟ್ರಾಗಿದ್ದವರು, ಪ್ರಶ್ನೆ ಸರಿಯಾಗಿದ್ದರೆ ಉತ್ತರ ಹುಡುಕುತ್ತಾರೆ. ಸಂಕೋಚ ಆದರೆ ವಕೀಲರನ್ನು ಮೊದಲು ಒಪ್ಪಿಸಿ, ಕಾಯ್ದೆಯ ಮಾತು ಅವರ ಬಾಯಿಂದ ಬರಲಿ.

ಅಳಿಯನವರ ಕಟ್ಟಡಕ್ಕೆ ಟ್ರಸ್ಟ್ ಬಾಡಿಗೆ ಕೊಡುತ್ತಿದೆಯಾ? ಸಾಹುಕಾರ್ರ ಮಿಲ್ಲಿನಿಂದ ಅಕ್ಕಿ ಬರುತ್ತದಾ? ನೀವು ಬರೆದಿಲ್ಲ, ಆದರೂ ಕೇಳುತ್ತೇನೆ. ಎರಡೂ ತಪ್ಪಲ್ಲ. ಪುಕ್ಕಟೆ ಕೊಟ್ಟರಂತೂ ಪುಣ್ಯ. ಆದರೆ ಸ್ಥಾಪಕರು, ಟ್ರಸ್ಟಿಗಳು, ಅವರ ಸಂಬಂಧಿಕರಿಗೆ ಮಾರ್ಕೆಟ್ ದರಕ್ಕಿಂತ ಜಾಸ್ತಿ ಹಣ ಹೋದರೆ ಆದಾಯ ತೆರಿಗೆ ವಿನಾಯಿತಿಗೇ ಕುತ್ತು ಬರುತ್ತದೆ. ಅಕ್ಕಪಕ್ಕದ ಎರಡು ಕಟ್ಟಡದ ಬಾಡಿಗೆ ಎಷ್ಟು, ಸೋನಾ ಮಸೂರಿ ಆ ವಾರ ಏನು ರೇಟ್ ಇತ್ತು ಅನ್ನುವುದನ್ನು ಬರೆದು ಫೈಲಿನಲ್ಲಿ ಇಡಿ. ಆ ವಿಷಯ ಚರ್ಚೆಗೆ ಬಂದಾಗ ಸಂಬಂಧಪಟ್ಟವರು ಎದ್ದು ಹೊರಗೆ ಹೋಗಲಿ, ಅವರು ಹೊರಗೆ ಹೋದರು ಅಂತ ನಡಾವಳಿಯಲ್ಲಿ ಬರೆಯಿರಿ. ಮೊದಲ ಸಲ ಎಲ್ಲರಿಗೂ ಮುಜುಗರ ಆಗುತ್ತದೆ, ಆಮೇಲೆ ರೂಢಿ ಆಗುತ್ತದೆ. ಅಂದ ಹಾಗೆ ನಗದು ವ್ಯವಹಾರ ಕಡಿಮೆ ಮಾಡಿ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟ ದಾನಿಗೆ 80ಜಿ ಅನ್ನುವ ಆದಾಯ ತೆರಿಗೆ ರಿಯಾಯಿತಿ ಸಿಗುವುದಿಲ್ಲ, ಒಬ್ಬರಿಗೆ ಒಂದು ದಿನ 10,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆ ಖರ್ಚು ಟ್ರಸ್ಟಿನ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬೋರ್ಡಿನಲ್ಲಿ ಯಾರಿರಬೇಕು? ಏಳು ಸಾಕು, ಒಂಬತ್ತು ಜಾಸ್ತಿಯಾಯಿತು. ಮೊದಲು ಬೇಕಾಗಿರುವುದು ಕಾಯಿಲೆ ಅನುಭವಿಸಿ ಈಗ ಚೆನ್ನಾಗಿರುವ ಒಬ್ಬರು, ಮತ್ತೆ ಮಗನನ್ನೋ ಮಗಳನ್ನೋ ಎಷ್ಟೋ ವರ್ಷದಿಂದ ನೋಡಿಕೊಳ್ಳುತ್ತಿರುವ ಒಬ್ಬ ತಾಯಿ. ಇವರನ್ನು ಹೆಸರಿಗೆ ಕೂರಿಸಬೇಡಿ. ಅವರಿಗೆ ಬಸ್ ಚಾರ್ಜ್ ಕೊಡಿ, ಕೆಲಸ ಬಿಟ್ಟು ಬಂದ ದಿನದ ಕೂಲಿ ಕೊಡಿ, ಕಾಗದಪತ್ರ ಕನ್ನಡದಲ್ಲೇ ಇರಲಿ, ಮೀಟಿಂಗಿಗೆ ವಾರ ಮೊದಲೇ ಕೈಗೆ ಸಿಗಲಿ. ಕಾರಟಗಿಯಿಂದಲೋ ಕನಕಗಿರಿಯಿಂದಲೋ ಬರುವ ತಾಯಿಗೆ ನಾಟಿ ಸಮಯದಲ್ಲಿ ಮಧ್ಯಾಹ್ನ ಮೂರಕ್ಕೆ ಮೀಟಿಂಗ್ ಇಟ್ಟು, ಬರಲಿಲ್ಲ ಅಂದರೆ ಅರ್ಥ ಇಲ್ಲ. ಆಮೇಲೆ ಲೆಕ್ಕ ಓದಲು ಬರುವ ಒಬ್ಬರು, ನಿವೃತ್ತ ನರ್ಸ್ ಅಥವಾ ಆರೋಗ್ಯ ಸಹಾಯಕಿ ಒಬ್ಬರು. ವಕೀಲರು ಇದ್ದಾರೆ. ಎಂಎಲ್‌ಎ ಸಾಹೇಬರನ್ನು ಗೌರವಾಧ್ಯಕ್ಷರು ಮಾಡೋಣ ಅನ್ನುವ ಸಲಹೆ ಬಂದೇ ಬರುತ್ತದೆ. ಬೇಡ ಅನ್ನಿ. ಚುನಾವಣೆ ಆದಮೇಲೆ ಗೆದ್ದವರು ಬದಲಾದರೆ ನಿಮ್ಮ ಸಂಸ್ಥೆ ಹಿಂದಿನವರ ಸಂಸ್ಥೆ ಆಗಿಬಿಡುತ್ತದೆ.

ಡಾಕ್ಟರ್ ಬೋರ್ಡಿನಲ್ಲಿ ಇರಲೇಬೇಕು ಅಂತೇನಿಲ್ಲ. ಸಂಸ್ಥೆಗೆ ಸೈಕಿಯಾಟ್ರಿಸ್ಟ್ ಬೇಕು, ಅದು ಬೇರೆ ಮಾತು. ಚಿಕಿತ್ಸೆ ಕೊಡುವವರೇ ಬೋರ್ಡಿನಲ್ಲೂ ಕೂತರೆ ತಮ್ಮ ಕೆಲಸವನ್ನು ತಾವೇ ಪರೀಕ್ಷೆ ಮಾಡಿದ ಹಾಗೆ ಆಗುತ್ತದೆ, ಖಾಸಗಿ ಕ್ಲಿನಿಕ್ ಇದ್ದರೆ ರೋಗಿಗಳನ್ನು ಅಲ್ಲಿಗೆ ಕಳಿಸಿಕೊಂಡರು ಅನ್ನುವ ಮಾತೂ ಬರುತ್ತದೆ. ಸಲಹೆಗಾರರಾಗಿ ಇಟ್ಟುಕೊಳ್ಳಿ. ಇದರ ಇನ್ನೊಂದು ಮುಖವೂ ಇದೆ: ಯಾರಿಗೆ ಯಾವ ಮಾತ್ರೆ, ಎಷ್ಟು ದಿನ ಅನ್ನುವುದರಲ್ಲಿ ಯಾವ ಟ್ರಸ್ಟಿಯೂ ಬಾಯಿ ಹಾಕುವಂತಿಲ್ಲ, ಮೇಷ್ಟ್ರೂ ಸಹ.

ಫೋಟೋ ವಿಷಯ ಹೇಳದೆ ಬಿಟ್ಟರೆ ಆಗುವುದಿಲ್ಲ. ಹುಟ್ಟುಹಬ್ಬಕ್ಕೆ ಹಣ್ಣು, ಬ್ರೆಡ್ ಹಂಚಲು ಜನ ಬರುತ್ತಾರೆ, ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುತ್ತಾರೆ, ಸಂಜೆಗೆ ಎಲ್ಲರ ಸ್ಟೇಟಸ್‌ನಲ್ಲಿ ಇರುತ್ತದೆ. ಜಾತ್ರೆಗೆ ಹಾಕುವ ಫ್ಲೆಕ್ಸಿನಲ್ಲಿ "ಮೊದಲು" ಮತ್ತು "ಈಗ" ಅಂತ ಒಬ್ಬ ಹುಡುಗನ ಎರಡು ಮುಖ. ಆ ಹುಡುಗನಿಗೆ ಅದೇ ಊರಲ್ಲಿ ಕೆಲಸ ಸಿಗಬೇಕು, ಮದುವೆ ಆಗಬೇಕು. ಕಾಯಿಲೆಯ ಮಾಹಿತಿ ಗುಟ್ಟಾಗಿರುವುದು ಅವರ ಹಕ್ಕು ಅಂತ 2017ರ ಕಾಯ್ದೆಯ 23ನೇ ಕಲಂ ಹೇಳುತ್ತದೆ, ಒಪ್ಪಿಗೆ ಇಲ್ಲದೆ ಫೋಟೋವನ್ನು ಮಾಧ್ಯಮಕ್ಕೆ ಕೊಡಬಾರದು ಅಂತ 24ನೇ ಕಲಂ. ಊಟ ಕೊಟ್ಟವರು ಕೇಳುವಾಗ ಇಲ್ಲ ಅನ್ನಲು ಆಗದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ದಾನಿಗಳ ಜೊತೆ ಟ್ರಸ್ಟಿಗಳು ನಿಂತು ಫೋಟೋ ತೆಗೆಸಿಕೊಳ್ಳಲಿ, ಬೇಡ ಅಂದವರು ಯಾರು? ಸ್ವಯಂಸೇವಕರ ವಾಟ್ಸಾಪ್ ಗುಂಪಿನಲ್ಲಿ ಹೆಸರು, ಊರು, ಓಣಿ ಸಮೇತ ಕೇಸ್ ಹಾಕುತ್ತಿದ್ದರೆ ಅದನ್ನೂ ನಿಲ್ಲಿಸಿ.

ಫೋನ್ ಕೌನ್ಸೆಲಿಂಗ್ ಬಗ್ಗೆ ಒಂದೇ ಪ್ರಶ್ನೆ. ರಾತ್ರಿ ಹನ್ನೊಂದಕ್ಕೆ ಒಬ್ಬ ರೈತ ಕರೆ ಮಾಡಿ ಬೆಳೆಗೆ ಹೊಡೆಯುವ ಎಣ್ಣೆ ಬಾಟಲಿ ಕೈಯಲ್ಲಿದೆ ಅಂದರೆ, ಫೋನ್ ಎತ್ತಿದ ಹುಡುಗಿ ಯಾರಿಗೆ ಕರೆ ಮಾಡಬೇಕು? ಅದು ಬರಹದಲ್ಲಿ ಇದೆಯಾ? ಇಲ್ಲದಿದ್ದರೆ ಬೋರ್ಡ್ ಕೂತು ಒಂದು ಪುಟ ಬರೆಯಲಿ: 112, 108, ಹತ್ತಿರದ ಆಸ್ಪತ್ರೆ, ಆಮೇಲೆ ಆ ಹುಡುಗಿಯ ಜೊತೆ ಮಾತಾಡುವವರು ಯಾರು. ರಾತ್ರಿ ನಿಮಗೆ ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ದಿನದ 24 ಗಂಟೆಯೂ ಸಿಗುತ್ತದೆ, ಆ ನಂಬರ್ ಕೊಡಿ. ಕೌನ್ಸೆಲರುಗಳು ಬಿಟ್ಟುಹೋಗುವುದು ಬಹಳ ಕಡೆ ಇಂಥ ಕಾರಣಕ್ಕೇ. ಕಷ್ಟದ ಕೇಸ್ ಕೇಳಿ ಬಂದವರಿಗೆ ಅದನ್ನು ಹೇಳಿಕೊಳ್ಳಲು ಜಾಗ ಇರುವುದಿಲ್ಲ, ಮೇಲಿನಿಂದ ಕ್ಯಾಂಪಿನ ಸಂಖ್ಯೆ ಜಾಸ್ತಿ ಮಾಡಿ ಅನ್ನುವ ಒತ್ತಾಯ ಬೇರೆ.

ಇನ್ನೂ ಒಂದು ಮಾತು, ಇದು ನನ್ನ ಅಭಿಪ್ರಾಯ. ನಿಮ್ಮ ಟ್ರಸ್ಟ್ ಆಸ್ಪತ್ರೆ ಆಗಲು ಹೋಗುವುದು ಬೇಡ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಕಾರ್ಯಕರ್ತರಿಗೇ ತರಬೇತಿ ಕೊಟ್ಟು ಹಳ್ಳಿಯಲ್ಲೇ ಚಿಕಿತ್ಸೆ ಕೊಡಬಹುದು ಅಂತ ನಿಮ್ಹಾನ್ಸ್ 1980ರ ದಶಕದಲ್ಲಿ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. ಅದೇ ಮಾದರಿ ಇಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆ ಬಂತು. ಈಗ ಜಿಲ್ಲೆಗೊಂದು ತಂಡ ಇದೆ, ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ತಾಲ್ಲೂಕು ಆಸ್ಪತ್ರೆಗಳಲ್ಲಿ ನಡೆಯುತ್ತದೆ. ಅಲ್ಲಿ ಸಿಗದಿರುವುದು ಏನು? ಮಾತ್ರೆ ಬಿಟ್ಟವರ ಮನೆಗೆ ಹೋಗಿ ಯಾಕೆ ಬಿಟ್ಟಿರಿ ಅಂತ ಕೇಳುವವರು. ಗುಳೆ ಹೋದವರಿಗೆ ಎರಡು ತಿಂಗಳ ಮಾತ್ರೆ ಕೊಡಿಸುವವರು. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ, ಮಾಸಾಶನಕ್ಕೆ ಓಡಾಡುವವರು. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ಜೊತೆ ಸೇರಿ ಇದನ್ನು ಮಾಡಿದರೆ ಖರ್ಚೂ ಕಡಿಮೆ. ಆಸ್ಪತ್ರೆ ಕಟ್ಟಡದ ಮೇಲೆ ದಾನಿಗಳ ಹೆಸರು ಕೆತ್ತಬಹುದು, ಇದರ ಮೇಲೆ ಆಗುವುದಿಲ್ಲ, ಅದೊಂದೇ ಕಷ್ಟ.

ಸಿಎಸ್‌ಆರ್ ಕಾಗದಪತ್ರ ಅಂತ ಬಂದರೆ ಆದಾಯ ತೆರಿಗೆ ಇಲಾಖೆಯ 12ಎ (ಟ್ರಸ್ಟಿಗೆ ತೆರಿಗೆ ವಿನಾಯಿತಿ) ಮತ್ತು 80ಜಿ ನೋಂದಣಿ ಚಾಲ್ತಿಯಲ್ಲಿ ಇರಬೇಕು, ಮೂರು ವರ್ಷ ಕೆಲಸ ಮಾಡಿದ ದಾಖಲೆ ಇರಬೇಕು, 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನಂಬರ್ (ಸಿಎಸ್‌ಆರ್ ಹಣ ಪಡೆಯುವ ಸಂಸ್ಥೆಗಳ ಸರ್ಕಾರಿ ನೋಂದಣಿ) ಕಡ್ಡಾಯ. ಇದನ್ನೆಲ್ಲ ನಿಮ್ಮ ಆಡಿಟರ್ ಮಾಡಿಕೊಡುತ್ತಾರೆ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಸಿಬ್ಬಂದಿ ಇದ್ದರೆ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಆಂತರಿಕ ಸಮಿತಿಯನ್ನೂ ಕೇಳುತ್ತಾರೆ, ಅದರಲ್ಲಿ ಹೊರಗಿನ ಒಬ್ಬರು ಇರಬೇಕು. ರಾತ್ರಿ ಉಳಿಯುವ ಆರು ಜನರ ವಿಷಯ ಕಂಪನಿಯವರಿಂದ ಮುಚ್ಚಿಡಬೇಡಿ. ನೋಂದಣಿಗೆ ಅರ್ಜಿ ಹಾಕಿದ್ದೇವೆ, ಇಲ್ಲವೇ ಇಂಥ ದಿನದೊಳಗೆ ಬೇರೆ ಕಡೆ ವ್ಯವಸ್ಥೆ ಮಾಡುತ್ತೇವೆ ಅಂತ ಬರಹದಲ್ಲಿ ಕೊಡಿ.

ಕೊನೆಗೆ ನಿಮ್ಮ ಸಂಬಳ. ತಗೋಬಹುದು, ನಾಚಿಕೆ ಪಡಬೇಕಾಗಿಲ್ಲ. ನೀವು ಟ್ರಸ್ಟಿ ಅಲ್ಲದ, ಕೆಲಸ ಮಾಡುವ ಕಾರ್ಯದರ್ಶಿ ಆಗಿದ್ದರೆ ನೇಮಕಾತಿ ಪತ್ರ ಮಾಡಿಸಿಕೊಂಡು ಸಂಬಳ ತಗೊಳ್ಳಿ. ನಿಮ್ಮನ್ನು ಟ್ರಸ್ಟಿಯನ್ನಾಗಿಯೂ ಮಾಡಿದ್ದರೆ, ಟ್ರಸ್ಟಿಗಳಿಗೆ ಸಂಭಾವನೆ ಕೊಡಲು ಡೀಡ್ ಒಪ್ಪುತ್ತದಾ ನೋಡಿ, ಕೆಲಸಕ್ಕೆ ತಕ್ಕ ಮೊತ್ತ ಇರಲಿ, ನೀವು ಹೊರಗಿದ್ದಾಗ ಉಳಿದವರು ತೀರ್ಮಾನಿಸಲಿ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಅಂದರೆ ನಾನು ಟ್ರಸ್ಟಿ ಆಗಬೇಡಿ, ಸಂಬಳ ತಗೊಳ್ಳುವ ಕಾರ್ಯದರ್ಶಿ ಆಗಿರಿ ಅನ್ನುತ್ತೇನೆ. ಹಣ ಬ್ಯಾಂಕ್ ಮೂಲಕವೇ ಬರಲಿ, ಮೊತ್ತ ನಡಾವಳಿಯಲ್ಲಿ ಇರಲಿ. ಡೀಡಿನ ಪ್ರತಿ ಕಳಿಸಿದರೆ ಯಾವ ಕಲಂ ಹೇಗೆ ತಿದ್ದಬಹುದು ಅಂತ ಹೇಳುತ್ತೇನೆ. ಕಳಿಸುವಾಗ ಆರು ಜನರ ಹೆಸರು, ಫೋಟೋ ಏನೂ ಬೇಡ.